ಶನಿ ತೋರಿಸುವ ರಾಯರು

ಸಾಲ ಕೊಟ್ಟವರನ್ನು ಕಂಡು ರಸ್ತೆ ಬದಲಿಸುವವರು ಎಲ್ಲ ಊರಲ್ಲೂ ಇದ್ದಾರೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ, ಚಂದ್ರನನ್ನು ಬಿಟ್ಟಿಯಾಗಿ ತೋರಿಸುವವರನ್ನು ಕಂಡೂ ಬದಲಿಸುತ್ತಾರೆ.

ರಾಯರು ವಿದ್ಯುತ್ ಇಲಾಖೆಯ ನಿವೃತ್ತ ಎಂಜಿನಿಯರು. ಸರ್ವಿಸಿನುದ್ದಕ್ಕೂ ಊರೂರಿಗೆ ಕಂಬ ನೆಡಿಸಿ ದೀಪ ಹಾಕಿಸಿದ ಈ ಮಹಾನುಭಾವರು, ಈಗ ಕತ್ತಲಾಗುತ್ತಲೇ ಒಂದೊಂದೇ ಮನೆಯ ಗೇಟು ಅಲ್ಲಾಡಿಸಿ, "ಹೊರಗಡೆ ಲೈಟ್ ಸ್ವಲ್ಪ ಆರಿಸ್ತೀರಾ? ಗುರುಗಳು ಬಂದಿದ್ದಾರೆ" ಅನ್ನುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದ ಮನೆಯವರೊಬ್ಬರು ಇನ್ನೆರಡು ಲೈಟು ಹಾಕಿ, ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು ಓಡಿಬಂದರು. ರಾಯರು ಆಕಾಶದ ಕಡೆ ಕೈ ತೋರಿಸಿದರು.

ಪಾರ್ಕಿನ ಗೇಟಿನ ಪಕ್ಕ, ಪಾನಿಪುರಿ ಗಾಡಿಗೆ ಹತ್ತಡಿ ದೂರದಲ್ಲಿ ಅವರ ಠಿಕಾಣಿ. ಆರಿಂಚಿನ ಕನ್ನಡಿ, ದಪ್ಪ ಪಿವಿಸಿ ಪೈಪು, ಪ್ಲೈವುಡ್ಡಿನ ಪೀಠ. ಎಲ್ಲ ಮನೆಯಲ್ಲೇ ಜೋಡಿಸಿದ್ದು. ಬೀಟ್ ಪೊಲೀಸರು ಒಮ್ಮೆ ಪೈಪಿನೊಳಗೆ ಟಾರ್ಚ್ ಬಿಟ್ಟು ಪರೀಕ್ಷಿಸಿ, ಆಮೇಲೆ ತಾವೇ ಸಾಲಿನಲ್ಲಿ ನಿಂತರು. ಈ ಮಾದರಿಯ ದುರ್ಬೀನಿಗೆ ಡಾಬ್ಸೋನಿಯನ್ ಎಂದು ಹೆಸರು. ಅದನ್ನು ರೂಪಿಸಿದ ಜಾನ್ ಡಾಬ್ಸನ್ನರ ಚರಿತ್ರೆಯನ್ನು ರಾಯರು ಹರಿಕಥೆಯ ಧಾಟಿಯಲ್ಲೇ ಹೇಳುತ್ತಾರೆ: ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠ ಸೇರಿದ್ದು, ಹಡಗಿನ ಕಿಟಕಿಯ ಗಾಜು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದು, ದುರ್ಬೀನಿನ ಹುಚ್ಚಿಗೆ 1967ರಲ್ಲಿ ಮಠದಿಂದ ಹೊರಬಿದ್ದದ್ದು, ಮರುವರ್ಷವೇ ಫುಟ್‌ಪಾತಿನ ಖಗೋಳಪ್ರೇಮಿಗಳ ಸಂಘ ಕಟ್ಟಿದ್ದು. "ಒಂದು ರೀತೀಲಿ ನಮ್ಮ ರಾಮಕೃಷ್ಣ ಆಶ್ರಮದವರೇ ಅಲ್ವೇ!"

ಕಥೆಗೆ ನನ್ನ ತಕರಾರಿಲ್ಲ. ನಾವು ಬಗ್ಗಿ, ಒಂದು ಕಣ್ಣು ಮುಚ್ಚಿ, ಸೊಂಟ ಹಿಡಿದುಕೊಂಡಿರುವಾಗಲೇ ಅದನ್ನು ಹೇಳಬೇಕೇ? ಈ ದುರ್ಬೀನಿಗೆ ಮೋಟಾರಿಲ್ಲ. ಭೂಮಿ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಒಂದೆರಡು ನಿಮಿಷದಲ್ಲಿ ಶನಿ ಅಂಚಿಗೆ ಜಾರಿ ಮಾಯ. ಡಾಬ್ಸನ್ ಮಠ ಸೇರುವಾಗ ನಟ್ಟನಡುವೆ ಇದ್ದವನು, ಮಠ ಬಿಡುವ ಹೊತ್ತಿಗೆ ಇರುವುದಿಲ್ಲ. "ಕಾಣಿಸ್ತಾ?" "ಇಲ್ಲ." ಪೈಪನ್ನು ಒಂದು ಕೂದಲೆಳೆಯಷ್ಟು ತಳ್ಳಿ, ಮತ್ತೆ 1610ರ ಗೆಲಿಲಿಯೋನಿಂದ ಶುರು. ಅಷ್ಟರಲ್ಲಿ ನನಗೆ ಕಂಡಿರುವುದು ನನ್ನದೇ ಕಣ್ಣಿನ ರೆಪ್ಪೆ. ಹಿಂದಿನವರು ಕೆಮ್ಮುತ್ತಾರೆ. "ಕಾಣಿಸ್ತು ರಾಯರೇ, ಅದ್ಭುತ!" ಅಂದರೆ ಬಚಾವಾದೆ ಎಂದುಕೊಳ್ಳಬೇಡಿ. "ಉಂಗುರ ಯಾವ ಕಡೆ ವಾಲಿದೆ?" ಎಂದು ಪ್ರಶ್ನೆ ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲೂ ನಾನು ಅಷ್ಟು ಬೆವರಿಲ್ಲ.

ಹೂ ಮಾರುವ ಅಮ್ಮ ಮಾತ್ರ ಖಡಾಖಂಡಿತ. "ಬ್ಯಾಡಿ ಸ್ವಾಮಿ, ಸಾಡೇಸಾತಿ ನಡೀತಾ ಅದೆ. ಅವ್ನ ಮಕ ಬೇರೆ ನೋಡ್ಲಾ?" ರಾಯರು ಲೆಕ್ಕ ಒಪ್ಪಿಸಿದರು: ಶನಿ ಸೂರ್ಯನನ್ನು ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ, ಹನ್ನೆರಡು ರಾಶಿಗೆ ಹಂಚಿದರೆ ತಲಾ ಸುಮಾರು ಎರಡೂವರೆ, ಮೂರು ರಾಶಿಗೆ ಏಳೂವರೆ. "ಅಷ್ಟೇ ಕಣಮ್ಮ. ಹತ್ತಿರ ಬಂದಾಗಲೂ ಸುಮಾರು 120 ಕೋಟಿ ಕಿಲೋಮೀಟರ್ ಆಚೆ ಇರ್ತಾನೆ. ನೀನು ಅವನನ್ನ ನೋಡ್ತೀಯ, ಅವನು ನಿನ್ನನ್ನ ನೋಡಲ್ಲ." ಆಕೆ ಅಳುಕುತ್ತಲೇ ಬಗ್ಗಿದಳು. "ಅಯ್ಯ, ಒಳ್ಗೆ ಚಿತ್ರ ಅಂಟ್ಸವ್ರೆ!" ಅಂದಳು. ರಾಯರು ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿ, ಪೈಪನ್ನೂ ಮುಟ್ಟದೆ ನಿಂತರು. ಸ್ವಲ್ಪ ಹೊತ್ತಿಗೆ ಆಕೆ ಕೂಗಿದಳು: "ಹೋಯ್ತಾ ಅವ್ನೆ! ಸ್ವಾಮಿ, ಶನಿ ಹೋಯ್ತಾ ಅವ್ನೆ!" ಆ ಖುಷಿಗೆ ಪೈಪಿಗೆ ಒಂದು ಮೊಳ ಮಲ್ಲಿಗೆ ಸುತ್ತಿ, ಕಾಸು ಬೇಡವೆಂದಳು.

2025ರ ಮಾರ್ಚಿನಲ್ಲಿ ಶನಿಯ ಉಂಗುರ ಭೂಮಿಯ ಕಡೆಗೆ ಅಂಚು ತಿರುಗಿಸಿತು. ಆಮೇಲೆ ಬಹಳ ದಿನ ಅದು ಬರೀ ಒಂದು ಗೆರೆ. ರಾಯರಿಗೆ ದಾರಿಹೋಕರ ಕ್ಷಮೆ ಕೇಳುವುದೇ ಕೆಲಸವಾಯಿತು. "ಈಗ ಸ್ವಲ್ಪ ಇಳಿದುಹೋಗಿದಾನೆ. ವರ್ಷವರ್ಷ ತುಂಬ್ಕೋತಾನೆ. 2032ಕ್ಕೆ ಬನ್ನಿ, ಉಂಗುರ ಪೂರ್ತಿ ಹರಡಿಕೊಂಡಿರುತ್ತೆ." ಎಪ್ಪತ್ತೈದು ದಾಟಿದವರು, ಡ್ಯೂಟಿಗೆ ಹೊರಟ ಸೆಕ್ಯೂರಿಟಿ ಹುಡುಗನಿಗೆ 2032ರ ಅಪಾಯಿಂಟ್‌ಮೆಂಟು ಕೊಡುವುದನ್ನು ಕೇಳಿದ ಮೇಲೆ, ನಮ್ಮ ಪೋರ್ಟಿಕೋ ಲೈಟನ್ನು ಅವರು ಕೇಳುವ ಮೊದಲೇ ಆರಿಸುತ್ತಿದ್ದೇನೆ. ಅಂದಹಾಗೆ, ತಾವೇ ಇಣುಕುವುದು ರಾಯರಿಗೆ ಅಷ್ಟು ಮುಖ್ಯವಲ್ಲ. ಇಣುಕುವವರ ಮುಖ ನೋಡುತ್ತ ನಿಂತಿರುತ್ತಾರೆ.

ಬರುವುದಾದರೆ ಮೋಡವಿಲ್ಲದ ಸಂಜೆ ಬನ್ನಿ. ಮೊಬೈಲಿನ ಟಾರ್ಚ್ ಆರಿಸಿ, ಪೈಪು ಹಿಡಿದುಕೊಂಡು ನಿಲ್ಲಬೇಡಿ, ಮಕ್ಕಳನ್ನು ಮುಂದೆ ಬಿಡಿ. ಡಾಬ್ಸನ್ ಯಾರು ಎಂದು ಮಾತ್ರ ದಯವಿಟ್ಟು ಕೇಳಬೇಡಿ.