ಭಾಗವತರಿಗೆ ಥಂಡಿ

ಹೊನ್ನಾವರದ ಮಳೆಗಾಲದಲ್ಲಿ ಬೂಸಲು ಹಿಡಿಯದ ವಸ್ತುವೇ ಇಲ್ಲ. ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ ಎಲ್ಲ ಮುಗಿಸಿ ಈ ಸಲ ಅದು ನನ್ನ ಯಕ್ಷಗಾನದ ಕ್ಯಾಸೆಟ್ಟಿಗೆ ಕೈ ಹಾಕಿತು. ಒರೆಸಿ, ಒಣಗಿಸಿ ಹಾಕಿದರೆ ಭಾಗವತರು ಹಾಡಿದ ಪದ್ಯ ನಡುಗುತ್ತ ಹೊರಟಿತು. ಪಕ್ಕದ ಮನೆಯ ಮಾವ ಜಗಲಿಯಿಂದಲೇ ಕೂಗಿದರು: "ಎಂತದೋ ತಮಾ, ಭಾಗವತ್ರಿಗೆ ಥಂಡಿ ಆಜಾ?"

ಮಾವನಿಗೆ ಕ್ಯಾಸೆಟ್ಟೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ಪದ್ಯ ಇರುವುದು ರಂಗದ ಆಟದಲ್ಲಿ, ಡಬ್ಬಿಯಲ್ಲಿ ಸಿಗುವುದು ಬರೀ ಸಿಪ್ಪೆ ಅನ್ನುತ್ತಾರೆ. ಅವರು ನೋಡಿ ಬೆಳೆದದ್ದು, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು. ಆ ಮೇಳದ ಶಂಭು ಹೆಗಡೆಯವರು ಅಭಿನಯಕ್ಕೆ ನಿಂತರೆ ನೆಬ್ಬೂರು ನಾರಾಯಣ ಭಾಗವತರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡಬೇಕಿತ್ತು, ಮದ್ದಲೆ ಹೆಗಡೆಯವರ ಹೆಜ್ಜೆ ಕಾಯಬೇಕಿತ್ತು. ಇವತ್ತು ಐದು ನಿಮಿಷಕ್ಕೆ ಮುಗಿದ ಪದ್ಯ ನಾಳೆ ಕಾಲು ಗಂಟೆ ಹಿಡಿದೀತು. ಕ್ಯಾಸೆಟ್ಟಿಗೆಲ್ಲಿ ಆ ಔದಾರ್ಯ? 90 ನಿಮಿಷದ್ದಾದರೆ ಒಂದು ಮಗ್ಗುಲಿಗೆ 45. ಹನುಮಂತ ಸಮುದ್ರದ ನಟ್ಟನಡುವೆ ಇದ್ದರೂ ಸರಿ, 'ಟಕ್'!

ಹೀಗೆ ಒಂದು ಮುದ್ರಣ ಹಾಡನ್ನು ಕಟ್ಟಿಹಾಕುವುದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ 'ಬೋನಪಾರ್ಟ್ಸ್ ರಿಟ್ರೀಟ್' ಅಂತ ಪಿಟೀಲಿನ ಒಂದು ಹಳೆಯ ಧಾಟಿ ಇದೆ. ಹೆಚ್ಚಿನವರು ಅದನ್ನು ಸಾವಕಾಶ ನುಡಿಸುತ್ತಿದ್ದರು. ಕೆಂಟಕಿಯ ವಿಲಿಯಂ ಸ್ಟೆಪ್ ಮಾತ್ರ ಕುದುರೆ ಓಡಿಸಿದ ಹಾಗೆ ಓಡಿಸಿದ. 1937ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅದನ್ನು ಮುದ್ರಿಸಿಕೊಂಡರು. ಐದು ವರ್ಷ ಬಿಟ್ಟು ಸಂಗೀತ ಸಂಯೋಜಕ ಏರನ್ ಕೋಪ್ಲೆಂಡ್ ಆ ಓಟವನ್ನೇ ಹೆಚ್ಚುಕಮ್ಮಿ ಇದ್ದಂತೆ ತನ್ನ 'ರೋಡಿಯೋ' ಬ್ಯಾಲೆಗೆ ಎತ್ತಿಕೊಂಡ. ಅಲ್ಲಿಗೆ ಒಬ್ಬನ ಒಂದು ದಿನದ ಲಹರಿ ಊರೆಲ್ಲರ ಧಾಟಿಯಾಯಿತು. ಸಾವಕಾಶದವರನ್ನು ಕೇಳುವವರು ಯಾರು?

ನಮ್ಮಲ್ಲಿ ಭಾಗವತ ಕಾಳಿಂಗ ನಾವಡರು 1990ರಲ್ಲಿ ಎಳೆಯ ಪ್ರಾಯದಲ್ಲೇ ಹೋದರು, ಅವರ ಕ್ಯಾಸೆಟ್ಟುಗಳು ಹಾಡುತ್ತಲೇ ಉಳಿದವು. ಅವನ್ನು ಕೇಳಿಯೇ ಎಷ್ಟೋ ಹುಡುಗರ ಕಂಠ ತಿದ್ದಿಕೊಂಡಿತು. ಅದು ಲಾಭವೇ, ಮಾವ ಒಪ್ಪದಿದ್ದರೂ ನಾನು ಒಪ್ಪುತ್ತೇನೆ. ಆದರೆ ನಾವಡರು ಮರುದಿನ ಅದೇ ಪದ್ಯವನ್ನು ಬೇರೆ ರೀತಿಯಲ್ಲಿ ಎತ್ತುತ್ತಿದ್ದರೇನೋ. ಆ ಮರುದಿನ ಮಾತ್ರ ಯಾವ ಡಬ್ಬಿಯಲ್ಲೂ ಇಲ್ಲ.

ನನ್ನ ಪಾಡಂತೂ ಹೇಳುವುದೇ ಬೇಡ. ಕುಮಟೆ ಕಡೆಯ ಆಟವೊಂದರಲ್ಲಿ ಟೇಪಿಗೆ ಹಿಡಿದ ಪದ್ಯ ನನಗೆ ಬಾಯಿಪಾಠ. ಬಚ್ಚಲಲ್ಲಿ ಗುನುಗುವಾಗ ಎರಡನೇ ಸಾಲಿನ ನಡುವೆ, ಟೇಪು ಮುಗಿದ ಜಾಗದಲ್ಲಿ, ತಾನಾಗಿ ನಿಲ್ಲುತ್ತೇನೆ. ಮಗ್ಗುಲು ತಿರುಗಿಸುವಷ್ಟು ಹೊತ್ತು ಬಿಟ್ಟು, ಆ ರಾತ್ರಿ ಶೇಂಗಾ ಮಾರುತ್ತಿದ್ದವನ ಕೂಗನ್ನೂ ಸೇರಿಸಿಯೇ ಮುಂದಿನ ಸಾಲು ಎತ್ತಿಕೊಳ್ಳುತ್ತೇನೆ.