ಅಟ್ಟದ ಮೇಲಿನ ಶಾಲೆ
“ನೊಣವಿನಕೆರೇಲಿ ಅಪ್ಪ-ಅಮ್ಮಂದಿರೆಲ್ಲ ಸೇರಿ ಹೊಸ ಶಾಲೆ ಕಟ್ತೀವಿ, ಏನಂತೀಯಣ್ಣ?”

“ಕಟ್ಟು ಕಣಪ್ಪ. ಆದ್ರೆ ಇರೋ ಸರ್ಕಾರಿ ಶಾಲೇನೂ ನಿಂದೇ. ರಾಜ್ಯದಲ್ಲಿ 2001ರಲ್ಲೇ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂತು. ಶಾಲಾ ಸಮಿತೀಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರ್ಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೇನೇ ಹೇಳುತ್ತೆ. ಯೋಜನೆ ಬರೆಯೋದು, ಅನುದಾನದ ಖರ್ಚಿನ ಮೇಲೆ ಕಣ್ಣಿಡೋದು ಆ ಸಮಿತಿಯ ಕೆಲಸ.”

“ಇಂಗ್ಲಿಷು?”

“ಒಂದನೇ ಕ್ಲಾಸಿಂದ್ಲೇ ಇದೆ.”

“ಮೇಷ್ಟ್ರು ಸಾಲ್ದಲ್ಲ!”

“ನಿಜ. ಮೇಷ್ಟ್ರನ್ನ ಕೇಳೋಕೆ ಬಾಯಿ ಬೇಕು, ಹೊಸ ಕಟ್ಟಡ ಬೇಡ. ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಲೆ ಬಿಟ್ರೆ ತಾನೇ ಉಂಡೆ ಕೊಬ್ಬರಿ ಆಗುತ್ತೆ, ಶಾಲೆ ಹಾಗಾಗಲ್ಲ. ಹೊಸ ಶಾಲೆ ಬಸ್ಸಿಗೆ ಬಣ್ಣ ಆರಿಸಿದ್ದಾಯ್ತು; ಹಳೇ ಶಾಲೆ ಸಭೆಗೆ ಒಂದು ದಿನವಾದ್ರೂ ಹೋಗಿದ್ದೀಯ? ಮೊದಲು ಅಲ್ಲಿ ಹೋಗಿ ಕೂತ್ಕೋ.”