ತಲೆಯಿಲ್ಲದ ಬೋಲ್ಟು

ಮಾವನವರು ಓಡಿಸಿ ಬಿಟ್ಟ ಕಾರು ನಮ್ಮ ಮನೆಗೆ ಬಂದಾಗಲೇ ಅದರ ಇಗ್ನಿಷನ್ ಲಾಕ್ ಬಹಳ ಧಾರಾಳಿಯಾಗಿತ್ತು. ಗಾಡಿ ಓಡುತ್ತಿರುವಾಗಲೇ ಕೀಲಿಕೈ ಹೊರಗೆಳೆದು, ಕಿವಿ ಕೆರೆದುಕೊಂಡು, ಮತ್ತೆ ಸಿಕ್ಕಿಸಬಹುದಿತ್ತು. ಮಗಳು ಬೀರುವಿನ ಕೀಲಿಯಲ್ಲೇ ಸ್ಟಾರ್ಟ್ ಮಾಡಿ ತೋರಿಸಿದ್ದಳು. "ಯಾರಾದರೂ ಹೊಡ್ಕೊಂಡು ಹೋದರೆ?" ಎಂದು ನಾನು ಚಿಂತಿಸಿದರೆ, "ಹೋಗಲಿ ಬಿಡ್ರೀ, ಪೆಟ್ರೋಲಿಗೆ ದುಡ್ಡು ಸುರಿದು ಸಾಕಾಗಿ ಅವರೇ ತಂದು ನಿಲ್ಲಿಸ್ತಾರೆ" ಎಂದು ಹೆಂಡತಿ ಧೈರ್ಯ ಹೇಳುತ್ತಿದ್ದಳು.

ಇಂಥ ಔದಾರ್ಯಕ್ಕೂ ಕೊನೆಯಿದೆ. ಒಳಗಿನ ಪುಟ್ಟ ಹಿತ್ತಾಳೆ ಬಿಲ್ಲೆಗಳು ಸವೆದ ಬೀಗ ಮೊದಲು ಎಲ್ಲ ಕೀಲಿಗೂ ತಿರುಗುತ್ತದೆ, ಆಮೇಲೆ ಯಾವ ಕೀಲಿಗೂ ತಿರುಗುವುದಿಲ್ಲ. ಒಂದು ಬೆಳಿಗ್ಗೆ ಸ್ಟೇರಿಂಗ್ ಲಾಕಾಗಿ, ಕೀಲಿ ಕದಲದೆ, ಕಾರು ಬೀದಿಯಲ್ಲೇ ಧರಣಿ ಕೂತಿತು. ಜೆ.ಸಿ. ರಸ್ತೆಯಿಂದ ಹೊಸ ಲಾಕ್ ಸೆಟ್ ಬಂತು. ಜೊತೆಗೆ ಮೇಸ್ತ್ರಿಯೂ ಬಂದ. ಬ್ಯಾಟರಿ ವೈರು ಬಿಚ್ಚಿ, ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಕಳಚಿ, ತಲೆ ಪೆಡಲುಗಳ ಹತ್ತಿರ, ಕಾಲು ಬಾಗಿಲಾಚೆ ಇಟ್ಟು ಮಲಗಿದವನೇ, "ಹಾಕೋದು ಐದು ನಿಮಿಷ ಸಾರ್, ಬಿಚ್ಚೋದೇ ಕಷ್ಟ. ಬೋಲ್ಟಿಗೆ ತಲೆಯೇ ಇಲ್ಲ" ಎಂದ.

ನಿಜಕ್ಕೂ ಇರಲಿಲ್ಲ. ಈ ಬೋಲ್ಟಿಗೆ ಕಾರ್ಖಾನೆಯಲ್ಲಿ ಎಲ್ಲರಂತೆ ಆರು ಮೂಲೆಯ ತಲೆಯಿರುತ್ತದೆ, ಆದರೆ ಕುತ್ತಿಗೆ ಸಣ್ಣದು. ಬಿಗಿಯುತ್ತಾ ಹೋದರೆ ಒಂದು ಹದಕ್ಕೆ ಕುತ್ತಿಗೆ ಮುರಿದು ತಲೆ ಕೆಳಗೆ ಬೀಳುತ್ತದೆ. ಉಳಿಯುವುದು ನುಣ್ಣನೆಯ ಬುರುಡೆ. ಸ್ಪ್ಯಾನರ್ ಜಾರುತ್ತದೆ, ಅಲೆನ್ ಕೀಗೆ ತೂತಿಲ್ಲ, ಸ್ಕ್ರೂಡ್ರೈವರಿಗೆ ಗೀರಿಲ್ಲ. ಇದೆಲ್ಲ ಕಳ್ಳರಿಗಾಗಿ ಮಾಡಿದ ಏರ್ಪಾಡು. ಅಮೆರಿಕದಲ್ಲಂತೂ 1970ರ ಜನವರಿಯಿಂದ ತಯಾರಾಗುವ ಕಾರುಗಳಲ್ಲಿ ಕೀಲಿ ತೆಗೆದ ಮೇಲೆ ಒಂದೋ ಸ್ಟೇರಿಂಗ್ ತಿರುಗಬಾರದು, ಇಲ್ಲವೇ ಗಾಡಿ ಚಲಿಸಬಾರದು ಎಂದು ಸರ್ಕಾರವೇ ಕಟ್ಟಪ್ಪಣೆ ಮಾಡಿತು. ಸ್ಟೇರಿಂಗ್ ಹಿಡಿಯುವ ಬೀಗವನ್ನೇ ಸುಲಭವಾಗಿ ಬಿಚ್ಚಿಬಿಟ್ಟರೆ ಕಟ್ಟಪ್ಪಣೆಗೆ ಏನರ್ಥ?

ಮೇಸ್ತ್ರಿ ಬುರುಡೆಯ ಅಂಚಿಗೆ ಚಾಣ ಇಟ್ಟು, ಎಡಕ್ಕೆ ತಿರುಗುವಂತೆ ಓರೆಯಾಗಿ ಸುತ್ತಿಗೆಯಿಂದ ತಟ್ಟತೊಡಗಿದ. ಒಂದು ಬೋಲ್ಟು ಕೂದಲೆಳೆಯಷ್ಟು ಅಲುಗಿತು. ಅಲುಗಿದರೆ ಗೆದ್ದ ಹಾಗೆ, ಆಮೇಲೆ ಬೆರಳಲ್ಲೇ ಬರುತ್ತದೆ. ಇನ್ನೊಂದು ಜಗ್ಗಲಿಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಗೀರು ಕೊರೆಯಲು ಕೈ ಆಡುವಷ್ಟು ಜಾಗವಿಲ್ಲ. ಕೊನೆಗೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹೊರಬಂತು. ಅದು ಕೊರೆಯುವುದೂ ಬಿಚ್ಚುವುದೂ ಒಂದೇ ದಿಕ್ಕಿನಲ್ಲಾದ್ದರಿಂದ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ಬೋಲ್ಟು ಸೋತು ಹಿಂದೆ ಬರುತ್ತದಂತೆ.

ಆಗಲೇ ಬೀಟ್ ಪೊಲೀಸಪ್ಪ ಬೈಕ್ ನಿಲ್ಲಿಸಿದ. ಹಾಡಹಗಲೇ ಇಬ್ಬರು ಕಾರಿನ ಬೀಗ ಒಡೆಯುತ್ತಿದ್ದರೆ ಯಾರು ತಾನೆ ಸುಮ್ಮನಿರುತ್ತಾರೆ? ಆರ್‌ಸಿ ಕೇಳಿದ. ಅದು ಇನ್ನೂ ಮಾವನವರ ಹೆಸರಿನಲ್ಲೇ ಇತ್ತು. "ಮಾವ ಕೊಟ್ಟ ಗಾಡಿಗೆ ಯಾವ ಅಳಿಯ ಸುತ್ತಿಗೆಯಲ್ಲಿ ಹೊಡೀತಾನ್ರೀ?" ಎಂದ. ಹೆಂಡತಿ ಹೊರಬಂದು ನಾನು ಅಳಿಯನೇ ಹೌದೆಂದು ಸಾಕ್ಷಿ ಹೇಳಬೇಕಾಯಿತು. ಸ್ವಲ್ಪ ಯೋಚಿಸಿಯೇ ಹೇಳಿದಳು ಎಂಬುದು ನನ್ನ ದೂರು.

ಈ ಬೋಲ್ಟನ್ನು ಕಂಡರೆ ನನಗೀಗ ಸಿಟ್ಟೂ ಹೌದು, ಗೌರವವೂ ಹೌದು. ಪಳಗಿದ ಮೇಸ್ತ್ರಿಯೇ ಹಗಲು ಬೆಳಕಲ್ಲಿ, ನನ್ನ ಕಾಫಿ ಕುಡಿಯುತ್ತಾ, ಮಧ್ಯಾಹ್ನದವರೆಗೆ ಒದ್ದಾಡಿದ. ಕತ್ತಲಲ್ಲಿ ಬರುವ ಕಳ್ಳನಿಗೆ ಕಾಫಿ ಕೊಡುವವರು ಯಾರು? ಆದ್ದರಿಂದಲೇ ಹೊಸ ಲಾಕಿನ ಬೋಲ್ಟುಗಳ ತಲೆಯನ್ನೂ ಮುರಿಯುವಂತೆ ಹೇಳಿದೆ. ಪಟ್ ಎಂದು ಮುರಿದವು.

ಹಳೆ ಕಾರಿನವರಿಗೆ ಒಂದು ಮಾತು. ಎಷ್ಟೋ ಕಾರುಗಳಲ್ಲಿ ಕೀಲಿ ತಿರುಗುತ್ತಿರುವಾಗಲೇ ಹೋದರೆ ಬರೀ ಲಾಕಿನ ಸಿಲಿಂಡರ್ ಹೊರತೆಗೆಯಬಹುದು, ಈ ಬೋಲ್ಟುಗಳ ತಂಟೆಗೇ ಹೋಗಬೇಕಿಲ್ಲ. ಬೀರುವಿನ ಕೀಲಿಗೆ ಕಾರು ಸ್ಟಾರ್ಟ್ ಆದ ದಿನವೇ ಮೇಸ್ತ್ರಿಗೆ ಫೋನ್ ಮಾಡಿ. ಅವನು ಬರುವುದರೊಳಗೆ ಆರ್‌ಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.